ಬಾಗಿಲಿಗೆ ಅಂಟಿಸಿ ಬಂದಿರುತ್ತೇನೆ

ಪುಕ್ಕಟೆ ಸಿಕ್ಕಿದ ಚಪ್ಪಲಿ, ಪುಕ್ಕಟೆ ಸಿಕ್ಕಿದ ವಕೀಲ, ಎರಡೂ ಕಚ್ಚುತ್ತವೆ. ಇದನ್ನು ಹೊರಗೆ ನಿಂತು ಆಡಿಕೊಳ್ಳುವವನ ಹಾಗೆ ಹೇಳುತ್ತಿಲ್ಲ. ‘ಬಡ ಬಾಡಿಗೆದಾರರಿಗೆ ಉಚಿತ ಕಾನೂನು ನೆರವು’ ಅಂತ ಬೋರ್ಡು ತೂಗುಹಾಕಿದ ಕೋಣೆಯಲ್ಲಿ ಆರು ವರ್ಷ ಪ್ರತಿ ಶನಿವಾರ ಕೂತವನು ನಾನು. ಬಂದವರ ಹೆಸರು, ಊರು, ತಕರಾರು ಬರೆದುಕೊಂಡು, ಚೀಟಿ ಕೊಟ್ಟು, ಸಾಲಿನಲ್ಲಿ ಕೂರಿಸುವುದು ನನ್ನ ಕೆಲಸ. ಸಂಬಳವಿಲ್ಲ. ಸಮಾಜಸೇವೆಯೂ ಅಲ್ಲ. ರಜದ ದಿನ ಮನೆಯಲ್ಲಿ ಕೂತರೆ ಮಗಳಿಗೆ ನನ್ನ ಮಾತು ಜಾಸ್ತಿ, ಅಳಿಯನಿಗೆ ನನ್ನ ಕೆಮ್ಮು ಜಾಸ್ತಿ. ಅದಕ್ಕೆ ಹೋಗುತ್ತಿದ್ದೆ.

ಕೋಣೆಯಲ್ಲಿ ಎರಡು ಮೇಜು, ಒಂದು ಫ್ಯಾನು, ಹನ್ನೆರಡು ಪ್ಲಾಸ್ಟಿಕ್ ಕುರ್ಚಿ. ಕುರ್ಚಿ ಕೊಟ್ಟವನು ಮೂರು ಬೀದಿಯಲ್ಲಿ ವಠಾರ ಕಟ್ಟಿಸಿ ಬಾಡಿಗೆಗೆ ಬಿಟ್ಟಿದ್ದ ಮನೆ ಮಾಲೀಕ. ನಾವು ಅವನನ್ನು ದಾನಶೂರ ಎನ್ನುತ್ತಿದ್ದೆವು. ಒಂದೊಂದು ಕುರ್ಚಿಯ ಬೆನ್ನಿಗೂ ಕೆಂಪು ಬಣ್ಣದಲ್ಲಿ ತನ್ನ ಹೆಸರು ಬರೆಸಿದ್ದ. ಅವನ ಮೇಲೆ ದೂರು ಕೊಡಲು ಬಂದವರು ಅವನ ಹೆಸರಿಗೇ ಬೆನ್ನು ಒರಗಿಸಿ ಕೂರಬೇಕು. ಇದನ್ನು ನೋಡಿ ನಗು ಬರುತ್ತಿದ್ದದ್ದು ಆ ಕೋಣೆಯಲ್ಲಿ ನನಗೊಬ್ಬನಿಗೇ.

ವಕೀಲನೂ ಒಬ್ಬನಿದ್ದ. ದಪ್ಪ ಮನುಷ್ಯ, ಒಳ್ಳೆಯವನು. ಒಳ್ಳೆಯವನು ಅಂದರೆ ಯಾರಿಗೂ ಬೇಡ ಅನ್ನಲಾರದವನು, ಯಾರ ಕೆಲಸವನ್ನೂ ಮಾಡದವನು. ಕೋರ್ಟಿನಲ್ಲಿ ಅವನಿಗೆ ಗೊತ್ತಿದ್ದ ಒಂದೇ ವಿದ್ಯೆ ವಾಯಿದೆ ಕೇಳುವುದು, ಇವತ್ತು ಬೇಡ ಸ್ವಾಮಿ, ಇನ್ನೊಂದು ತಾರೀಖು ಕೊಡಿ ಅನ್ನುವುದು. ಹಾಗಾಗಿ ಅವನ ಹೆಸರೇ ವಾಯಿದೆ ವಕೀಲ ಅಂತ ಆಗಿತ್ತು. ಅವನಿಗೂ ಅದು ಗೊತ್ತು. ಬೇಜಾರು ಮಾಡಿಕೊಳ್ಳಲು ಕೂಡ ಅವನು ವಾಯಿದೆ ತೆಗೆದುಕೊಳ್ಳುತ್ತಿದ್ದ.

ಇನ್ನು ನಾನು. ಮೂವತ್ತನಾಲ್ಕು ವರ್ಷ ಕೋರ್ಟಿನ ಅಮೀನನಾಗಿದ್ದೆ. ಕೋರ್ಟು ಹೊರಡಿಸಿದ ನೋಟಿಸನ್ನು ಜನರ ಮನೆಗೆ ಹೋಗಿ ಕೊಟ್ಟು, ಕೊಟ್ಟೆ ಅಂತ ಹಿಂದೆ ಷರಾ ಬರೆದು ವಾಪಸ್ಸು ತರುವವನು. ನನ್ನನ್ನು ನೋಡಿ ಯಾರೂ ನಗುತ್ತ ಬಾಗಿಲು ತೆಗೆದದ್ದಿಲ್ಲ. ನಾನು ರಿಟೈರ್ ಆಗುವ ಹೊತ್ತಿಗೆ ಅಳಿಯನನ್ನೂ ಅದೇ ಕೆಲಸಕ್ಕೆ ಸೇರಿಸಿದ್ದೆ. ಪರೀಕ್ಷೆ ಅವನೇ ಪಾಸು ಮಾಡಿದ, ಸುಳ್ಳು ಹೇಳಬಾರದು. ಕೆಲಸ ಕಲಿಸಿದ್ದು ಮಾತ್ರ ನಾನು.

ಹೊಲಿಗೆಯವಳು ಮೊದಲ ಸಲ ಬಂದದ್ದು ಒಂದು ಬೇಸಿಗೆಯ ಶನಿವಾರ. ನಲವತ್ತೈದರ ಆಸುಪಾಸು, ಕೊರಳಲ್ಲಿ ಅಳತೆ ಟೇಪು ಹಾಗೇ ಇತ್ತು, ತೆಗೆಯಲು ಮರೆತಿದ್ದಳು. ದಾನಶೂರನ ವಠಾರದ ಮೂರನೇ ಮಹಡಿಯಲ್ಲಿ ಎರಡು ಕೋಣೆ. ಗಂಡ ಸತ್ತು ಒಂಬತ್ತು ವರ್ಷ, ಮನೆಯಲ್ಲಿ ಅವಳು ಮತ್ತು ಅತ್ತೆ. ಹೊಲಿಗೆ ಮಿಷನ್ನು ಅಲ್ಲೇ, ಗಿರಾಕಿಗಳು ಬರುವುದೂ ಅಲ್ಲಿಗೇ. ಆ ಕೋಣೆ ಹೋದರೆ ಮನೆ, ಅಂಗಡಿ ಎರಡೂ ಹೋದ ಹಾಗೆ. ತಕರಾರು ಏನಮ್ಮ ಅಂದೆ. ಬಾಗಿಲು ಇಲ್ಲ ಅಂದಳು.

ನಾನು ಪೆನ್ನು ಕೆಳಗಿಟ್ಟು ಅವಳ ಮುಖ ನೋಡಿದೆ. ನಲ್ಲಿಯಲ್ಲಿ ನೀರಿಲ್ಲ, ಗೋಡೆ ಸೋರುತ್ತದೆ, ಮೆಟ್ಟಿಲಿಗೆ ದೀಪವಿಲ್ಲ ಅಂತ ಬರುವವರು ಇದ್ದರು. ಬಾಗಿಲೇ ಇಲ್ಲ ಅಂದವರು ಯಾರೂ ಇರಲಿಲ್ಲ. ಕೇಳಿದರೆ ವಿಷಯ ಇಷ್ಟು. ದಾನಶೂರನಿಗೆ ಆ ಮಹಡಿ ಖಾಲಿಯಾಗಬೇಕಿತ್ತು. ಉಳಿದವರು ಹೋದರು, ಇವಳು ಹೋಗಲಿಲ್ಲ. ಒಂದು ದಿನ ಅವನ ಆಳುಗಳು ಬಂದು, ಬಾಗಿಲಿಗೆ ಗೆದ್ದಲು ಹಿಡಿದಿದೆ, ರಿಪೇರಿ ಮಾಡಿಸಿ ತರುತ್ತೇವೆ ಅಂತ ಕೀಲು ಬಿಚ್ಚಿ ಬಾಗಿಲನ್ನು ಹೊತ್ತುಕೊಂಡು ಹೋದರು. ಹೋದದ್ದು ಹೋಯಿತು. ಹಳೇ ಪಟ್ಟು ಇದು. ಬೈಯಬೇಕಿಲ್ಲ, ಹೊಡೆಯಬೇಕಿಲ್ಲ. ಬಾಗಿಲಿಲ್ಲದ ಮನೆಯಲ್ಲಿ ಹೆಂಗಸರು ಎಷ್ಟು ದಿನ ಇದ್ದಾರು?

ಇವರು ಇದ್ದರು. ದಪ್ಪ ಕಂಬಳಿಯೊಂದನ್ನು ಪರದೆ ಕಟ್ಟಿದರು. ಹೊಸ್ತಿಲ ಒಳಗೆ ಕುರ್ಚಿ ಹಾಕಿಕೊಂಡು ಅತ್ತೆ ಕೂತಳು. ಸೊಸೆ ಬಟ್ಟೆ ಕೊಡಲು ಹೋದರೂ, ಸ್ನಾನಕ್ಕೆ ಹೋದರೂ ಮುದುಕಿ ಅಲ್ಲಿಂದ ಏಳುತ್ತಿರಲಿಲ್ಲವಂತೆ. ಕಾಲ ಮೇಲೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಯಾರಾದರೂ ಕೇಳಿದರೆ ಈ ಮನೆಗೆ ನಾನೇ ಬಾಗಿಲು ಅನ್ನುತ್ತಿದ್ದಳಂತೆ.

ವಾಯಿದೆ ವಕೀಲ ಎಲ್ಲ ಕೇಳಿ, ತಲೆದೂಗಿ, ಒಂದು ವಿನಯದ ಪತ್ರ ಬರೆಯೋಣ ಅಂದ. ಮುಂದಿನ ಶನಿವಾರ ಬರಲು ಹೇಳಿದ. ಬಂದಳು. ಪತ್ರ ಟೈಪಾಗಿರಲಿಲ್ಲ. ಮತ್ತೆ ಬಂದಳು. ಟೈಪಾಗಿತ್ತು, ಸಹಿ ಆಗಿರಲಿಲ್ಲ. ಮತ್ತೊಂದು ವಾರ ವಕೀಲನೇ ಬಂದಿರಲಿಲ್ಲ, ಸೋದರಮಾವನ ಮಗಳ ಮದುವೆ. ಏಳು ಶನಿವಾರ ಹೀಗೇ. ಆ ಏಳೂ ಸಲ ನಾನು ರಿಜಿಸ್ಟರಿನಲ್ಲಿ ತಾರೀಖು ಹಾಕಿ, ‘ಮನೆಗೆ ಬಾಗಿಲು ಇಲ್ಲ’ ಅಂತ ಬರೆದು, ಅವಳ ಸಹಿ ಹಾಕಿಸಿಕೊಂಡೆ. ಅಷ್ಟೇ ನಾವು ಮಾಡಿದ ಸಹಾಯ. ಬರೆದೆವಲ್ಲ, ಇನ್ನೇನು ಬೇಕು. ಬಾಯಾರಿದವನಿಗೆ ನೀರಿನ ಚಿತ್ರ ತೋರಿಸುವ ಜನ ನಾವು.

ಎಂಟನೇ ಶನಿವಾರ ಅವಳು ಬರಲಿಲ್ಲ. ಪೀಡೆ ತೊಲಗಿತು ಅಂತ ವಕೀಲನ ಮುಖ ಅರಳಿದ್ದನ್ನು ನಾನು ಕಂಡೆ. ನನ್ನ ಮುಖ ಹೇಗಿತ್ತೋ, ಕನ್ನಡಿ ಇರಲಿಲ್ಲ.

ಎರಡು ತಿಂಗಳ ಮೇಲೆ ಮತ್ತೆ ಬಂದಳು, ಕೈಯಲ್ಲಿ ಒಂದು ಕಟ್ಟು ಕಾಗದ. ದಾನಶೂರನ ವಾಚ್‌ಮನ್ ತಂದು ಮುದುಕಿಯ ಮಡಿಲಿಗೆ ಹಾಕಿ ಹೋಗಿದ್ದ. ಕೋರ್ಟಿನ ಆದೇಶದ ನಕಲು, ಜೊತೆಗೆ ಅಮೀನನ ಷರಾ ಇದ್ದ ನೋಟಿಸಿನ ನಕಲು. ಹದಿನೈದು ದಿನದೊಳಗೆ ಕೋಣೆ ಖಾಲಿ ಮಾಡಬೇಕು, ಇಲ್ಲದಿದ್ದರೆ ಪೊಲೀಸರ ನೆರವಿನಿಂದ ಹೊರಹಾಕಲಾಗುವುದು. ಅದರಲ್ಲಿ ನಾಲ್ಕು ದಿನ ಆಗಲೇ ಕಳೆದಿತ್ತು.

ತನ್ನ ಮೇಲೆ ಕೇಸು ಹಾಕಿದ್ದೇ ಅವಳಿಗೆ ಗೊತ್ತಿರಲಿಲ್ಲ. ನೋಟಿಸು ಮುಟ್ಟಿದರೂ ಪ್ರತಿವಾದಿ ಕೋರ್ಟಿಗೆ ಬರಲಿಲ್ಲ, ಆದ್ದರಿಂದ ಒಂದು ಕಡೆಯವರ ಮಾತು ಕೇಳಿಯೇ ತೀರ್ಮಾನ ಮಾಡಿದ್ದೇವೆ ಅಂತ ಆದೇಶದಲ್ಲಿತ್ತು. ವಕೀಲ ಕಾಗದ ತಿರುವಿ ಹಾಕಿ, ಆರೋಗ್ಯ ಸರಿಯಿರಲಿಲ್ಲ, ಹಾಗಾಗಿ ಕೋರ್ಟಿಗೆ ಬರಲಾಗಲಿಲ್ಲ ಅಂತ ಅರ್ಜಿ ಹಾಕೋಣ ಅಂದ. ಅವನ ಎಲ್ಲ ಕಕ್ಷಿದಾರರಿಗೂ ಅದೇ ಕಾಯಿಲೆ. ನನಗೆ ಹುಂಬ ಕೋಪ ಬಂತು. ಅಮೀನನ ಷರಾ ಏನಿದೆ ನೋಡಿದಿರಾ ಅಂತ ಕಾಗದ ಕಿತ್ತುಕೊಂಡು, ಅವಳಿಗೂ ತಿಳಿಯಲಿ ಅಂತ ಗಟ್ಟಿಯಾಗಿ ಓದಿದೆ.

‘ಪ್ರತಿವಾದಿಯ ಮನೆಗೆ ಹೋಗಿ ನೋಡಲಾಗಿ ಬಾಗಿಲು ಮುಚ್ಚಿ ಬೀಗ ಹಾಕಿತ್ತು. ನೆರೆಹೊರೆಯವರನ್ನು ವಿಚಾರಿಸಲಾಗಿ ಎಲ್ಲಿಗೆ ಹೋಗಿರುತ್ತಾರೆಂದು ತಿಳಿದುಬರಲಿಲ್ಲ. ಆದ್ದರಿಂದ ಇಬ್ಬರು ಪಂಚರ ಸಮಕ್ಷಮ ನೋಟಿಸನ್ನು ಬಾಗಿಲಿಗೆ ಅಂಟಿಸಿ ಬಂದಿರುತ್ತೇನೆ.’

ಅರ್ಧ ಓದುವಾಗಲೇ ನನ್ನ ನಾಲಿಗೆ ಕಾಗದದ ಮುಂದೆ ಓಡುತ್ತಿತ್ತು. ಯಾಕೆಂದರೆ ಅದು ನನ್ನ ವಾಕ್ಯ. ಪದ ಪದವೂ ನಾನು ಕಡೆದದ್ದು. ಸುಡುಬಿಸಿಲಿನಲ್ಲಿ ಮಹಡಿ ಹತ್ತಲು ಮನಸ್ಸಿಲ್ಲದಾಗ, ಬೀದಿ ತುದಿಯ ಟೀ ಅಂಗಡಿಯಲ್ಲಿ ಕೂತು, ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ಬರೆಯುತ್ತಿದ್ದ ವಾಕ್ಯ. ಪಂಚರು ಅಂದರೆ ಸಾಕ್ಷಿಗಳು, ಟೀ ಅಂಗಡಿಯವನು ಒಬ್ಬ, ಅಲ್ಲಿ ಬೀಡಿ ಸೇದುತ್ತ ನಿಂತವನು ಇನ್ನೊಬ್ಬ. ಇದನ್ನು ನಾನು ಒಬ್ಬನಿಗೇ ಕಲಿಸಿದ್ದು. ಕೆಳಗೆ ನೋಡಿದೆ. ಅಳಿಯನ ಸಹಿ.

ಹೊಲಿಗೆಯವಳು ನನ್ನನ್ನೂ ವಕೀಲನನ್ನೂ ನೋಡಿದಳು. ಜೋರು ಮಾಡಲಿಲ್ಲ.

"ಯಾವ ಬಾಗಿಲಿಗೆ ಅಂಟಿಸಿದ್ರು?" ಅಂದಳು.

ವಕೀಲ ಬಿಸ್ಕತ್ತು ಅಗಿಯುವುದನ್ನು ನಿಲ್ಲಿಸಿದ.

ನೋಡಿ, ಎಂಥ ಜನ ನಾವು. ಬಾಗಿಲು ಕೀಳಿಸಿದವನೇ ದಾನಶೂರ, ಬಾಗಿಲಿಗೆ ನೋಟಿಸು ಅಂಟಿಸಿದರು ಅಂತ ಕೋರ್ಟಿನಲ್ಲಿ ಆದೇಶ ಪಡೆದವನೂ ಅವನೇ. ಅವನು ಆ ಷರಾ ಓದಿರಲಿಲ್ಲ. ಅವನ ವಕೀಲ ಓದಿರಲಿಲ್ಲ. ಕೋರ್ಟಿನ ಗುಮಾಸ್ತ ಓದಿರಲಿಲ್ಲ. ಅದೇ ವಾಕ್ಯವನ್ನು ಮೂವತ್ತು ನಲವತ್ತು ವರ್ಷದಿಂದ ನೋಡಿ ನೋಡಿ, ಅದರೊಳಗೆ ಬಾಗಿಲು ಅಂತ ಒಂದು ವಸ್ತು ಇದೆ ಅನ್ನುವುದೇ ಎಲ್ಲರಿಗೂ ಮರೆತುಹೋಗಿತ್ತು.

ವಕೀಲನಿಗೆ ಜನ್ಮದಲ್ಲಿ ಮೊದಲ ಸಲ ಹುರುಪು ಬಂತು. ಆದರೆ ತಕ್ಷಣ ಇಳಿಯಿತು. ಬಾಗಿಲು ಕಿತ್ತದ್ದು ನೋಟಿಸು ಅಂಟಿಸಿದ ಮೇಲೆ ಅಂತ ಅವರು ಹೇಳಿದರೆ ಏನು ಮಾಡುತ್ತೀರಿ ಅಂದ. ಆಗ ಹೊಲಿಗೆಯವಳೇ ನನ್ನ ಮೇಜಿನ ಮೇಲಿದ್ದ ರಿಜಿಸ್ಟರಿಗೆ ಬೆರಳು ಮಾಡಿದಳು. ಏಳು ಶನಿವಾರ, ಏಳು ತಾರೀಖು, ಏಳು ಸಲ ‘ಮನೆಗೆ ಬಾಗಿಲು ಇಲ್ಲ’. ಅಳಿಯ ಷರಾ ಬರೆದ ತಾರೀಖು ಐದನೆಯ ಮತ್ತು ಆರನೆಯ ಶನಿವಾರದ ನಡುವೆ ಬರುತ್ತಿತ್ತು. ನಾವು ಏನೂ ಮಾಡದೆ ಕೂತದ್ದಕ್ಕೆ ನಾವೇ ಬರೆದಿಟ್ಟ ದಾಖಲೆ ಅದು. ಅವಳ ಕೋಣೆ ಉಳಿಯಬೇಕಿದ್ದರೆ ಅದನ್ನು ಬರೆದವನು ಕೋರ್ಟಿನಲ್ಲಿ ನಿಂತು ಹೌದು ಅನ್ನಬೇಕು. ಬರೆದವನು ನಾನು.

ಮನೆಗೆ ಹೋಗಿ ಊಟಕ್ಕೆ ಕೂತಾಗ ವಿಷಯ ಹೇಳಿದೆ. ಮಗಳು ಗಂಡನ ಮುಖ ನೋಡಿದಳು. ಅಳಿಯ ಮೊದಲು ನಕ್ಕ. ತಮಾಷೆ ಅಂದುಕೊಂಡ. ಆಮೇಲೆ ತುತ್ತು ಕೈಯಲ್ಲೇ ಉಳಿಯಿತು.

"ಮಾವ, ಆ ರಿಜಿಸ್ಟರ್ ಇಲಿ ತಿಂದ್ವು ಅಂದ್ರಾಯ್ತು. ಯಾರು ಕೇಳ್ತಾರೆ ಅದನ್ನ?"

ಆ ಮನೆಗೆ ಹೋಗಿದ್ದೆಯಾ ಅಂತ ಕೇಳಿದೆ. ಮೂರನೇ ಮಹಡಿ ಮಾವ, ಐವತ್ತೆರಡು ಮೆಟ್ಟಿಲು ಅಂದ. ದಾನಶೂರ ಏನಾದರೂ ಕೊಟ್ಟನಾ ಅಂದೆ. ಟೀ ಕೂಡ ಕೊಡಿಸಲಿಲ್ಲ ಅಂತ ಹೆಂಡತಿಯ ಮೇಲೆ ಆಣೆ ಇಟ್ಟ. ನನಗೆ ಅಲ್ಲೇ ಅವನ ಮೇಲೆ ಹೇಸಿಗೆಯಾಯಿತು. ಲಂಚ ತಿಂದವನಿಗೆ ಒಂದು ಆಸೆಯಾದರೂ ಇತ್ತು ಅನ್ನಬಹುದು. ಇವನು ಒಂದು ಮನೆಯನ್ನು ಐವತ್ತೆರಡು ಮೆಟ್ಟಿಲಿಗೆ ಮಾರಿದ್ದ. ಮೆಟ್ಟಿಲ ಲೆಕ್ಕ ಕೂಡ ಬೇರೆಯವರಿಂದ ಕೇಳಿ ತಿಳಿದದ್ದು.

"ನೀವು ಕಲ್ಸಿದ್ದೇ ಅಲ್ವಾ?" ಅಂದ ಅವನು. "ನಿಮ್ಮದೇ ಸೆಂಟೆನ್ಸು. ಒಂದಕ್ಷರ ಬದಲಾಯ್ಸಿಲ್ಲ ನಾನು."

ನಾನು ಬೀದಿಯಲ್ಲಿ ನಿಂತು ಮನೆಯನ್ನಾದರೂ ಒಮ್ಮೆ ತಲೆಯೆತ್ತಿ ನೋಡುತ್ತಿದ್ದೆ ಅಂತ ಹೇಳಬೇಕು ಅನ್ನಿಸಿತು. ಹೇಳಿದ್ದರೆ ಅದೂ ಒಂದು ದೊಡ್ಡಸ್ತಿಕೆಯಾ? ಕಳ್ಳರಲ್ಲಿ ನಾನು ನೋಡಿ ಕದಿಯುತ್ತಿದ್ದವನು, ನೀನು ನೋಡದೆ ಕದಿಯುವವನು. ಸುಮ್ಮನೆ ಕೈ ತೊಳೆದುಕೊಂಡೆ.

ಮುಂದಿನ ಶನಿವಾರಕ್ಕೆ ಮುಂಚೆಯೇ, ನಾನೂ ವಕೀಲನೂ ಅರ್ಜಿ ಬರೆಯುತ್ತ ಕೂತಿದ್ದಾಗ, ದಾನಶೂರ ನಮ್ಮ ಕೋಣೆಗೆ ಬಂದ. ಹಿಂದೆ ಇಬ್ಬರು ಆಳು, ಅವರ ಹೆಗಲ ಮೇಲೆ ಹೊಚ್ಚ ಹೊಸ ಕಬ್ಬಿಣದ ಬೀರು. ಕಾನೂನು ನೆರವಿಗೆ ತನ್ನದೊಂದು ಅಳಿಲು ಸೇವೆ ಅಂದ. ಬೀರುವಿನ ಎದೆಗೂ ಹೆಸರು ಬರೆಸಿದ್ದ, ಬಣ್ಣ ಇನ್ನೂ ಒಣಗಿರಲಿಲ್ಲ. ಜಾಗ ಇಕ್ಕಟ್ಟು, ಹಳೇ ಪುಸ್ತಕ ರಿಜಿಸ್ಟರುಗಳನ್ನೆಲ್ಲ ಸದ್ಯಕ್ಕೆ ತನ್ನ ಗೋಡೌನಿಗೆ ಸಾಗಿಸುತ್ತೇನೆ, ಭದ್ರವಾಗಿರುತ್ತವೆ ಅಂದ. ವಾಯಿದೆ ವಕೀಲ ಎದ್ದು ನಿಂತು ಕೈ ಮುಗಿದ. ಇನ್ನೊಂದು ನಿಮಿಷ ಬಿಟ್ಟಿದ್ದರೆ ರಿಜಿಸ್ಟರನ್ನು ತಾನೇ ಎತ್ತಿ ಕೊಡುತ್ತಿದ್ದ.

"ನಿಮ್ ಕಡೆ ಬೇಡ ಸ್ವಾಮಿ," ಅಂದೆ. "ನಿಮ್ಮಲ್ಲಿ ಮರಕ್ಕೇ ರಾತ್ರೋರಾತ್ರಿ ಗೆದ್ದಲು ಹತ್ತುತ್ತೆ. ಕಾಗದದ ಗತಿ ಏನು?"

ಅವನ ನಗು ಹಲ್ಲಿನ ಹತ್ತಿರವೇ ನಿಂತಿತು. ನಿಮ್ಮ ಅಳಿಯಂದಿರು ಚೆನ್ನಾಗಿದ್ದಾರಾ ಅಂತ ಕೇಳಿದ, ಬಹಳ ಮರ್ಯಾದೆಯಿಂದ. ಸದ್ಯಕ್ಕೆ ಚೆನ್ನಾಗಿದ್ದಾನೆ ಅಂದೆ. ಬೀರು ಅಲ್ಲೇ ಬಿಟ್ಟು ಹೋದ. ಕೊಟ್ಟ ದಾನ ವಾಪಸ್ಸು ಒಯ್ದರೆ ಹೆಸರು ಕೆಡುತ್ತದಲ್ಲ.

ಗಡುವು ಮುಗಿಯಲು ಎರಡು ದಿನ ಇರುವಾಗ ಅರ್ಜಿ ವಿಚಾರಣೆಗೆ ಬಂತು. ನ್ಯಾಯಾಧೀಶೆ ಹೊಸಬಳು, ಕಡ್ಡಿ ಮುರಿದ ಹಾಗೆ ಮಾತು. ಹೊಲಿಗೆಯವಳು ಅತ್ತೆಯನ್ನೂ ಕರೆದುಕೊಂಡು ಬಂದಿದ್ದಳು, ಕಂಬಳಿಯ ಹಿಂದೆ ಪಕ್ಕದ ಬೀದಿಯ ಯಾರೋ ಹೆಂಗಸನ್ನು ಕೂರಿಸಿ. ಮುದುಕಿ ಹಿಂದಿನ ಬೆಂಚಿನಲ್ಲಿ ಕೂತು ಕೋರ್ಟಿನ ಬಾಗಿಲನ್ನೇ ನೋಡುತ್ತಿದ್ದಳು. ತೇಗದ ಮರ, ಹಿತ್ತಾಳೆಯ ಹಿಡಿ.

ನಾನು ಕಟಕಟೆ ಹತ್ತಿದೆ. ಮೂವತ್ತನಾಲ್ಕು ವರ್ಷ ಅದರ ಪಕ್ಕದಲ್ಲಿ ನಿಂತವನು, ಒಳಗೆ ನಿಂತದ್ದು ಅವತ್ತೇ. ಅಳಿಯ ಗೋಡೆಗೆ ಒರಗಿ ನಿಂತಿದ್ದ. ರಿಜಿಸ್ಟರು ತೋರಿಸಿದೆ, ತಾರೀಖು ಓದಿದೆ. ಆಮೇಲೆ ದಾನಶೂರನ ವಕೀಲ ಪಾಟೀಸವಾಲಿಗೆ ಎದ್ದ. ಜಾಣ. ರಿಜಿಸ್ಟರಿನ ಸುದ್ದಿಗೇ ಹೋಗಲಿಲ್ಲ. ನೀವೂ ಅಮೀನರಾಗಿದ್ದಿರಿ, ಹೀಗೆ ಬಾಗಿಲಿಗೆ ಅಂಟಿಸಿದೆ ಅಂತ ಎಷ್ಟು ಷರಾ ಬರೆದಿದ್ದೀರಿ ಅಂತ ಕೇಳಿದ. ಸಾವಿರ, ಎರಡು ಸಾವಿರ ಇರಬಹುದು ಅಂದೆ. ಅವೆಲ್ಲ ನಿಜವೇ ಅಂತ ಕೇಳಿದ.

ಉಪಾಯ ತಿಳಿಯಿತು. ನಿಜ ಅಂದರೆ, ಅದೇ ವಾಕ್ಯ ಬರೆದ ಅಳಿಯನ ಷರಾವನ್ನೂ ನಂಬಬೇಕು. ಸುಳ್ಳು ಅಂದರೆ ನಾನು ಸುಳ್ಳ, ನನ್ನ ರಿಜಿಸ್ಟರೂ ಸುಳ್ಳು ಅಂತ ಅವನು ಹಿಡಿದುಕೊಳ್ಳುತ್ತಾನೆ. ಮೇಲಾಗಿ ಈ ವಯಸ್ಸಿನಲ್ಲಿ ಪಿಂಚಣಿಗೆ ಕುತ್ತು. ಹೊಲಿಗೆಯವಳು ಕೊರಳ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನನ್ನನ್ನು ನೋಡುತ್ತಿದ್ದಳು. ಬೇಡಿಕೊಳ್ಳುವ ನೋಟವಲ್ಲ. ಏಳು ಶನಿವಾರ ನನ್ನನ್ನು ನೋಡಿದ ಅದೇ ನೋಟ. ಇವನ ಕೈಲಿ ಏನೂ ಆಗುವುದಿಲ್ಲ ಅನ್ನುವ ನೋಟ. ನನಗೆ ಉರಿಯಿತು. ದೊಡ್ಡ ಮನಸ್ಸು ಅಂತ ಯಾರೂ ತಿಳಿಯಬೇಡಿ, ಉರಿದದ್ದಷ್ಟೇ.

"ಅರ್ಧ ನಿಜ," ಅಂದೆ. "ಮಿಕ್ಕರ್ಧ ಟೀ ಅಂಗಡೀಲಿ ಕೂತು ಬರೆದದ್ದು. ಆ ವಾಕ್ಯ ಮಾಡಿದ್ದೇ ನಾನು. ಈ ಷರಾ ಬರೆದವನಿಗೆ ಕಲ್ಸಿದ್ದೂ ನಾನೇ. ನನ್ನ ಅಳಿಯ."

ದಾನಶೂರನ ವಕೀಲನಿಗೆ ಅದು ಬೇಕಾದ ಉತ್ತರವೇ. ಹಾಗಾದರೆ ಸುಳ್ಳು ಬರೆಯುವ ಕೈ ಬರೆದ ಈ ರಿಜಿಸ್ಟರನ್ನು ಯಾಕೆ ನಂಬಬೇಕು ಅಂದ. ನ್ಯಾಯಾಧೀಶೆ ಅವನನ್ನು ಕೂರಲು ಹೇಳಿ, ಅಳಿಯನನ್ನು ಮುಂದೆ ಕರೆದಳು. ಆ ಬಾಗಿಲು ಯಾವ ಬಣ್ಣದ್ದು, ಒಂಟಿ ಪಡಿಯೋ ಜೋಡಿ ಪಡಿಯೋ ಅಂತ ಎರಡೇ ಮಾತು ಕೇಳಿದಳು. ಅಳಿಯ ನನ್ನ ಮುಖ ನೋಡಿದ. ಹಿಂದೆ ಕೆಲಸದಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ನೋಡುತ್ತಿದ್ದ ಹಾಗೆಯೇ. ಆಮೇಲೆ, ಹಸಿರು, ಜೋಡಿ ಅಂದ.

ಹಿಂದಿನ ಬೆಂಚಿನಿಂದ ಮುದುಕಿ ಎದ್ದಳು. ಯಾರೂ ಅವಳನ್ನು ಕರೆದಿರಲಿಲ್ಲ.

"ಆಗ ಬಾಗ್ಲಲ್ಲಿ ಕೂತಿದ್ದೋಳು ನಾನೊಬ್ಳೇ ತಾಯಿ," ಅಂದಳು. "ಅಂಟಿಸಿದ್ರೆ ನನ್ ಹಣೆಗೇ ಅಂಟಿಸ್ಬೇಕಿತ್ತು. ಇವ್ನು ಮೆಟ್ಲು ಹತ್ತಿದ್ದೇ ಕಾಣೆ."

ನ್ಯಾಯಾಧೀಶೆ ನಗಲಿಲ್ಲ. ಹಾಗಾದರೆ ಬಾಗಿಲು ಈಗ ಎಲ್ಲಿದೆ ಅಂತ ದಾನಶೂರನನ್ನೇ ಕೇಳಿದಳು. ಅವನು ಗಾಬರಿಯಲ್ಲಿ, ರಿಪೇರಿಗೆ ಕೊಟ್ಟಿದ್ದೇನೆ, ಆಗಲೇ ಆರೇಳು ತಿಂಗಳಾಯಿತು ಅಂದುಬಿಟ್ಟ. ಅವನ ವಕೀಲ ಹಣೆ ಹಿಡಿದುಕೊಂಡ. ಷರಾದ ತಾರೀಖಿಗೆ ಇನ್ನೂ ನಾಲ್ಕು ತಿಂಗಳು ಕೂಡ ತುಂಬಿರಲಿಲ್ಲ.

ಆದೇಶ ರದ್ದಾಯಿತು. ಕೇಸು ಮೊದಲಿನಿಂದ ನಡೆಯಬೇಕು, ಅದು ಮುಗಿಯುವ ತನಕ ಯಾರೂ ಅವರನ್ನು ಎಬ್ಬಿಸುವಂತಿಲ್ಲ, ಹತ್ತು ದಿನದೊಳಗೆ ಬಾಗಿಲು ಕೂರಿಸಬೇಕು. ಮುಂದಿನ ತಾರೀಖು ಕೇಳಲು ವಾಯಿದೆ ವಕೀಲ ಎದ್ದಾಗ ಅವನ ಎದೆ ಉಬ್ಬಿತ್ತು. ಬಾಡಿಗೆದಾರನ ಕೇಸಿನಲ್ಲಿ ತಡವಾದಷ್ಟೂ ಲಾಭವೇ. ಆ ಮನುಷ್ಯನ ಸೋಮಾರಿತನ ಲೋಕದಲ್ಲಿ ಒಬ್ಬರಿಗಾದರೂ ಉಪಯೋಗಕ್ಕೆ ಬಂತು.

ಅಳಿಯ ಸಸ್ಪೆಂಡ್ ಆದ. ನನ್ನ ಹಳೇ ಷರಾಗಳ ಬಗ್ಗೆ ವಿವರಣೆ ಕೇಳಿ ನನಗೂ ಕಾಗದ ಬಂದಿದೆ, ಉತ್ತರ ಬರೆದಿಲ್ಲ. ಮಗಳು ನನ್ನ ಹತ್ತಿರ ಮಾತಾಡುವುದಿಲ್ಲ. ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾಳೆ, ತಟ್ಟೆ ಇಡುವ ಸದ್ದಿನಲ್ಲೇ ತೀರ್ಪು ಕೊಡುತ್ತಾಳೆ. ಹೊಲಿಗೆಯವಳಿಂದ ಥ್ಯಾಂಕ್ಸೂ ಬರಲಿಲ್ಲ. ಕೋರ್ಟಿನ ಅಂಗಳದಲ್ಲಿ ನನ್ನ ಪಕ್ಕದಲ್ಲೇ ಹಾದುಹೋದಳು, ಅತ್ತೆಯ ರಟ್ಟೆ ಹಿಡಿದುಕೊಂಡು, ಗಿರಾಕಿಗೆ ಸಂಜೆ ಒಳಗೆ ಬಟ್ಟೆ ಕೊಡಬೇಕು ಅನ್ನುತ್ತ.

ಹತ್ತು ದಿನ ಕಳೆದ ಮೇಲೆ, ಬಾಗಿಲು ಕೂರಿಸಿದ್ದೇವೆ ಅಂತ ದಾನಶೂರ ಕೋರ್ಟಿಗೆ ಬರೆದುಕೊಟ್ಟ. ಕಣ್ಣಾರೆ ನೋಡಿಕೊಂಡು ಬನ್ನಿ, ನನಗೆ ಮಹಡಿ ಹತ್ತಲಾಗುವುದಿಲ್ಲ ಅಂತ ವಾಯಿದೆ ವಕೀಲ ನನ್ನನ್ನು ಕಳಿಸಿದ. ಐವತ್ತೆರಡಲ್ಲ, ಐವತ್ತೇಳು ಮೆಟ್ಟಿಲು. ಎರಡು ಕಡೆ ಕೂತು ಉಸಿರು ತೆಗೆದುಕೊಂಡೆ. ಮೇಲೆ ಹೋದರೆ ಬಾಗಿಲು ಇತ್ತು. ಒಂಟಿ ಪಡಿ, ಕಂದು ಬಣ್ಣ, ಹೊಸ ಕೀಲು. ಗೆದ್ದಲಿನ ಗುರುತು ಒಂದೂ ಇರಲಿಲ್ಲ. ಒಳಗೆ ಮಿಷನ್ನಿನ ಸದ್ದು ಕೇಳುತ್ತಿತ್ತು. ತಟ್ಟಿದೆ.

ಬಾಗಿಲು ಒಂದು ಗೇಣು ತೆರೆಯಿತು. ಮುದುಕಿ ನಿಂತಿದ್ದಳು. ಶನಿವಾರದ ಆಫೀಸಿನವನು, ಬಾಗಿಲು ನೋಡಿಕೊಂಡು ಹೋಗಲು ಬಂದೆ ಅಂದೆ. ನೀರು ಕೇಳಬೇಕು ಅಂತಲೂ ಇತ್ತು, ಗಂಟಲು ಒಣಗಿತ್ತು.

"ನೋಡಿದ್ಯಾ?" ಅಂದಳು.

"ನೋಡ್ದೆ."

"ಸರಿ, ಹೊರಡು."

ನನ್ನ ಮೂಗಿನ ಮುಂದೆಯೇ ಬಾಗಿಲು ಹಾಕಿದಳು. ಒಳಗಿನಿಂದ ಚಿಲಕ ಹಾಕುವ ಸದ್ದು ಬಂತು. ಮೊದಲು ಮೇಲಿನದು, ಸ್ವಲ್ಪ ಹೊತ್ತಾದ ಮೇಲೆ ಕೆಳಗಿನದು.